ಅಲಗಿನ ಮೇಲೆ ಎದ್ದ ಬೆರಳು

ಒರೆ ಅವಳ ಕೈಯಲ್ಲಿತ್ತು. ಚಾಕು ಡಾಕ್ಟರ ಬೆನ್ನಲ್ಲಿತ್ತು.

ಬಿಗಿಯಾಯಿತೆಂದು ಡಾಕ್ಟರು ವಾಪಸು ಕಳಿಸಿದ್ದ ಚರ್ಮದ ಒರೆಯನ್ನು ಸರಿಮಾಡಿ ಕೊಡಲು ಬೆಳಿಗ್ಗೆಯೇ ಬಂದಿದ್ದಳು. ಊರಿನವರ ಬಾಯಲ್ಲಿ ಅವಳು ಒರೆಯಕ್ಕ. ಗಂಡ ಚಾಕು ಮಾಡುತ್ತಾನೆ, ಇವಳು ಅದಕ್ಕೆ ಒರೆ ಹೊಲಿಯುತ್ತಾಳೆ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಇವಳಿಗೆ ಎಲ್ಲಿಲ್ಲದ ತಾಳ್ಮೆ. ಸಂಸಾರ ಹೇಗೋ ಸಾಗಿತ್ತು.

ನಿವೃತ್ತ ಹಲ್ಲಿನ ಡಾಕ್ಟರು ಮೇಜಿನ ಮೇಲೆ ಮುಖವಿಟ್ಟು ಬಿದ್ದಿದ್ದರು. ಗೋಡೆಯುದ್ದಕ್ಕೂ ಗಾಜಿನ ಕಪಾಟುಗಳು. ಅವರು ನಲವತ್ತು ವರ್ಷ ಕೂಡಿಹಾಕಿದ ಹಳೆಯ ಜೇಬುಚಾಕುಗಳು ಅವುಗಳೊಳಗೆ ಮಡಚಿಕೊಂಡು ಮಲಗಿದ್ದವು. ಏಳು ಮಾತ್ರ ಮೇಜಿನ ಮೇಲೆ ಬಾಯಿ ತೆರೆದುಕೊಂಡು, ಥಳಥಳ ಹೊಳೆಯುತ್ತ ಬಿದ್ದಿದ್ದವು. ಬೆನ್ನಿನಿಂದ ಚಾಚಿದ್ದ ಆ ಮರದ ಹಿಡಿಯನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಅದನ್ನು ಮಾಡಿದವನು ಅವಳ ಗಂಡ.

*

"ನಿಮ್ಮ ಯಜಮಾನರು ನಿನ್ನೆ ಬೆಳಿಗ್ಗೆ ಡಾಕ್ಟರ ಜೊತೆ ಜಗಳ ಆಡಿದ್ರಂತೆ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ನನಗೇನೂ ಹೇಳಿಲ್ಲ."

"ಬೀದಿಗೆಲ್ಲ ಕೇಳಿಸಿದೆ. ನಿಮಗೊಬ್ಬರಿಗೆ ಹೇಳಿಲ್ಲ?"

ಬಾಗಿಲಲ್ಲಿ ಡಾಕ್ಟರ ಸೋದರಳಿಯ ನಿಂತಿದ್ದ. ಅದೇ ಮನೆಯ ಮಹಡಿಯಲ್ಲಿ ಇರುವವನು. ಕಣ್ಣೊರೆಸಿಕೊಂಡು ಹೇಳಿದ, "ನಾನೇ ಕೇಳಿಸ್ಕೊಂಡೆ ಮೇಡಂ. 'ಇನ್ನು ನಿಮಗೆ ಚಾಕು ಮಾಡ್ಕೊಡಲ್ಲ' ಅಂತ ಕೂಗಾಡ್ದ. ಸಂಜೆ ಮತ್ತೆ ಯಾರೋ ಬಂದ ಸಪ್ಪಳ ಆಯ್ತು."

"ಈ ಏಳು ಚಾಕು ಯಾಕೆ ಹೊರಗಿವೆ?"

"ನನಗೇನು ಗೊತ್ತು? ಹುಟ್ಟಿದಾಗಿಂದ ಮಾವ ಒಂದನ್ನೂ ಮುಟ್ಟೋಕೆ ಬಿಟ್ಟಿಲ್ಲ. ಯಾರನ್ನ ಬೇಕಾದ್ರೂ ಕೇಳಿ."

ಏಳು ಅಲಗುಗಳನ್ನೂ ಬೆನ್ನಲ್ಲಿದ್ದ ಚಾಕುವಿನ ಹಿಡಿಯನ್ನೂ ಯಾರೋ ಬಟ್ಟೆಯಿಂದ ಚೊಕ್ಕವಾಗಿ ಒರೆಸಿದ್ದರು. ಒಂದು ಬೆರಳಚ್ಚೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಡನನ್ನು ಕರೆದೊಯ್ದರು.

ಲಾಕಪ್ಪಿನ ಸರಳಿನಾಚೆ ಅವನು ತಲೆ ತಗ್ಗಿಸಿ ಕೂತಿದ್ದ.

"ಜಗಳ ಯಾಕೆ ಆಯ್ತು?"

"ನಿನ್ನ ಹೊಲಿಗೆ ಬಗ್ಗೆ ಹಗುರಾಗಿ ಮಾತಾಡಿದ್ರು. ರೇಗಿಬಿಟ್ಟೆ. ಅದನ್ನ ನಿನಗೆ ಯಾವ ಬಾಯಲ್ಲಿ ಹೇಳ್ಲಿ?"

ಅವಳಿಗೆ ನಂಬಬೇಕೆನಿಸಿತು. ಆದರೆ ಸಿಟ್ಟು ನೆತ್ತಿಗೇರಿದರೆ ಇವನಿಗೆ ಮುಂದೆ ನಿಂತವರು ಕಾಣಿಸುವುದಿಲ್ಲ. ಹದಿನಾರು ವರ್ಷ ನೋಡಿದ್ದಾಳೆ. ಇವನೇ ಮಾಡಿದ್ದರೆ? ಆ ಯೋಚನೆ ಬಂದಿದ್ದಕ್ಕೆ ಅವಳಿಗೆ ಅವಳ ಮೇಲೇ ಹೇಸಿಗೆಯಾಯಿತು. ಹಾಗಂತ ಅದು ಹೋಗಲಿಲ್ಲ.

*

ನಾಲ್ಕನೆಯ ದಿನ, ಚಾಕು ಬಲ್ಲವರು ಬೇಕೆಂದು ಮೇಡಂ ಅವಳಿಗೆ ಕರೆ ಕಳಿಸಿದರು. ಡಾಕ್ಟರ ಮನೆ ಕಾಯುತ್ತಿದ್ದ ಕಾನ್‌ಸ್ಟೇಬಲ್ ಇನ್ನು ಅಲ್ಲಿ ನಿಲ್ಲುವುದಿಲ್ಲವೆಂದು ಪಟ್ಟು ಹಿಡಿದಿದ್ದ.

"ಕೋಣೆಗೆ ಬೀಗ, ಬೀಗಕ್ಕೆ ಸೀಲು. ಒಂದು ನೊಣ ಒಳಗೆ ಹೋಗಿಲ್ಲ. ಆದ್ರೂ ಕಿಟಕಿ ಗಾಜಿನಿಂದ ನೋಡಿದ್ರೆ ಕೆಂಪು ಗುರುತು ಮೊನ್ನೆ ಎರಡು, ನಿನ್ನೆ ಮೂರು, ಇವತ್ತು ಐದು! ಡಾಕ್ಟರು ಬಂದು ಒಂದೊಂದೇ ಮುಟ್ಟಿ ಹೋಗ್ತಿದ್ದಾರೆ."

ಸೀಲು ಒಡೆದು ಒಳಗೆ ಹೋದರು. ಮುಚ್ಚಿದ ಕಿಟಕಿ, ಒದ್ದೆ ಗಾಳಿ. ಮೇಜಿನ ಮೇಲೆ ಏಳು ಚಾಕುಗಳು ಹಾಗೇ ಇದ್ದವು. ಐದರ ಅಲಗಿನ ಮೇಲೆ ಕೆಂಪು ಹೆಬ್ಬೆರಳ ಗುರುತೊಂದು ಮೂಡಿತ್ತು. ಗೆರೆಗೆರೆಯೂ ಕಾಣುತ್ತಿತ್ತು. ಉಳಿದ ಎರಡರ ಮೇಲೆ ಈಗಷ್ಟೇ ಮೂಡುತ್ತಿತ್ತು. ಮೇಡಂ ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

ಒರೆಯಕ್ಕ ಮೇಜಿನ ಹತ್ತಿರ ಹೋದಳು. ಬಗ್ಗಿ ಅಲಗನ್ನು ಮೂಸಿದಳು. ಕಪಾಟಿನ ಹತ್ತಿರ ಹೋಗಿ ಅಲ್ಲಿಯೂ ಮೂಸಿದಳು.

"ಮೇಡಂ, ಇದು ದೆವ್ವ ಅಲ್ಲ, ತುಕ್ಕು."

"ತುಕ್ಕು ಬೆರಳಿನ ಆಕಾರದಲ್ಲಿ ಹಿಡಿಯುತ್ತಾ?"

"ಹಳೇ ಉಕ್ಕು ಬೆವರಿಗೆ ತಡೆಯಲ್ಲ. ಕೆಲವರ ಬೆವರಂತೂ ಉಕ್ಕನ್ನ ತಿಂದೇಬಿಡತ್ತೆ. ಅಂಥ ಕೈಗೆ ನಾವು ಉಪ್ಪುಗೈ ಅಂತೀವಿ. ಅದು ಬಟ್ಟೆಯಲ್ಲಿ ಒರೆಸಿದ್ರೆ ಹೋಗಲ್ಲ. ಮೇಲೆ ಕಾಣಲ್ಲ ಅಷ್ಟೇ, ಒಳಗೊಳಗೇ ಕೊರೀತಿರತ್ತೆ. ಚಾಕು ಗೊತ್ತಿರೋರು ಮುಟ್ಟಿದ ತಕ್ಷಣ ಎಣ್ಣೆ ಹಚ್ತಾರೆ. ಡಾಕ್ಟರು ಲವಂಗ ಹಾಕಿದ ಎಣ್ಣೆ ಹಚ್ತಿದ್ರು. ಕಪಾಟೆಲ್ಲ ಘಮ ಅಂತಿದೆ, ಈ ಏಳರಲ್ಲಿ ವಾಸನೆಯೇ ಇಲ್ಲ. ಒರೆಸಿದೋನು ಬೆರಳಚ್ಚಿನ ಜೊತೆ ಎಣ್ಣೆಯನ್ನೂ ಒರೆಸಿಬಿಟ್ಟಿದಾನೆ."

ಮೇಡಂ ಬಗ್ಗಿ ಆ ಗೆರೆಗಳನ್ನು ನೋಡಿದರು.

"ಈ ಬೆರಳು ನಿಮ್ಮ ಯಜಮಾನರದ್ದೂ ಆಗಿರಬಹುದಲ್ಲ?"

ಅಲ್ಲವೆಂದು ಅವಳಿಗೂ ಖಚಿತವಿರಲಿಲ್ಲ.

"ಹೋಲಿಸಿ ನೋಡಿ ಮೇಡಂ. ಅವರದ್ದು, ಆ ಸೋದರಳಿಯನದ್ದು, ಇಬ್ಬರದ್ದೂ."

*

ಠಾಣೆಯ ಬೆಂಚಿನ ಮೇಲೆ ಅವಳು ಕಾದ ಎರಡು ಗಂಟೆ ಎರಡು ಯುಗವಾಗಿತ್ತು. ಒಳಗೆ ಕರೆದಾಗ ಸೋದರಳಿಯ ಕುರ್ಚಿಯಲ್ಲಿ ಕೂತಿದ್ದ. ಹೆಬ್ಬೆರಳಿಗೆ ಶಾಯಿ ಮೆತ್ತಿತ್ತು.

"ಹುಟ್ಟಿದಾಗಿಂದ ಒಂದು ಚಾಕುವನ್ನೂ ಮುಟ್ಟಿಲ್ಲ ಅಂದ್ರಿ," ಮೇಡಂ ಹೇಳಿದರು. "ನಿಮ್ಮ ಹೆಬ್ಬೆರಳು ಏಳರ ಮೇಲೂ ಇದೆ."

"ಯಾವತ್ತೋ ಮುಟ್ಟಿರ್ತೀನಿ, ಮರೆತಿದೀನಿ."

"ಯಾವತ್ತೋ ಮುಟ್ಟಿದ್ರೆ ಆಗಲೇ ತುಕ್ಕು ಹಿಡಿದಿರ್ತಿತ್ತು, ಅವತ್ತು ಬೆಳಿಗ್ಗೆ ಏಳೂ ಥಳಥಳ ಅಂತಿದ್ವು," ಒರೆಯಕ್ಕ ಬಾಯಿ ಹಾಕಿದಳು. "ನಿಮ್ಮ ಕೈ ಎಂಥದ್ದು ಅಂತ ಡಾಕ್ಟರಿಗೆ ಗೊತ್ತಿತ್ತು. ಅದಕ್ಕೇ ಮುಟ್ಟೋಕೆ ಬಿಡ್ತಿರಲಿಲ್ಲ. ಯಾಕೆ ಅಂತ ನೀವು ಒಂದು ಸಲನಾದ್ರೂ ಕೇಳಿದ್ರಾ?"

ಅವನು ಶಾಯಿಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಆಮೇಲೆ ಒಂದೊಂದಾಗಿ ಹೊರಬಂತು. ಸಂಗ್ರಹವನ್ನೆಲ್ಲ ಮ್ಯೂಸಿಯಂಗೆ ಕೊಡುವುದಾಗಿ ಮಾವ ಹೇಳಿದ್ದರು. ಇವನು ಅಪರೂಪದ ಒಂದು ಚಾಕುವಿಗೆ ಆಗಲೇ ಗಿರಾಕಿ ಹುಡುಕಿಟ್ಟಿದ್ದ. ಅದರ ಗುರುತಿನ ಮುದ್ರೆ ಅಲಗಿನ ಬುಡದಲ್ಲಿರುತ್ತದೆ, ತೆರೆದರೆ ಮಾತ್ರ ಕಾಣುತ್ತದೆ. ಒಂದೊಂದಾಗಿ ತೆರೆದು ಏಳನೆಯದಕ್ಕೆ ಬಂದಾಗ ಮಾವ ಒಳಗೆ ಬಂದು, ಬೈದು, ಬೆನ್ನು ತಿರುಗಿಸಿ ಎಣ್ಣೆಯ ಸೀಸೆಗೆ ಕೈ ಚಾಚಿದರು. ಒರೆಯಕ್ಕನ ಗಂಡ ಮಾಡಿದ ಆ ಒರೆಯಿಲ್ಲದ ಚಾಕು ಮೇಜಿನ ಮೇಲೇ ಇತ್ತು, ಅದನ್ನೆತ್ತಿ ಇರಿದ. ಬೆಳಗಿನ ಜಗಳ ಬೀದಿಗೆಲ್ಲ ಗೊತ್ತಿತ್ತು. ತಪ್ಪು ಹೊರಿಸಲು ಇನ್ನೇನು ಬೇಕು?

*

ಸಂಜೆ ಗಂಡಹೆಂಡಿರು ನಡೆದೇ ಮನೆಗೆ ಹೊರಟರು.

"ನನ್ನ ಮೇಲೆ ಅನುಮಾನ ಬಂತಾ?" ಅವನು ಕೇಳಿದ.

ಸುಳ್ಳು ಹೇಳುವುದು ಸುಲಭವಿತ್ತು.

"ಬಂತು. ಇವತ್ತು ಮಧ್ಯಾಹ್ನದವರೆಗೂ ಇತ್ತು."

ಅವನಿಗೆ ರೇಗಬಹುದೆಂದು ಅವಳು ಕಾದಳು. ಅವನು ಬೀದಿಯ ನಡುವೆಯೇ ನಿಂತುಬಿಟ್ಟ.

"ಅವತ್ತು ಬಂದಿದ್ದ ಸಿಟ್ಟು ನನಗಿನ್ನೂ ನೆನಪಿದೆ ಕಣೇ. ಲಾಕಪ್ಪಲ್ಲಿ ಕೂತು ಕೂತು, ನಾನೇ ಮಾಡಿ ಮರೆತಿದೀನೇನೋ ಅಂತ ನನಗೇ ಅನ್ನಿಸಿತ್ತು."

ಅವಳು ಅವನ ಕೈ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.