ರೇನೊನ ಕುರ್ಚಿ

ಎದೆಬಡಿತ ತಪ್ಪುತ್ತಿದೆಯೇ ಎಂದು ನೋಡಲು ಡುಲುತ್‌ನ ಆಸ್ಪತ್ರೆಯವರು ನನ್ನ ಎದೆಗೆ ಎರಡು ವಾರ ಒಂದು ಪಟ್ಟಿ ಅಂಟಿಸಿದ್ದರು. ಸಂಕಟವಾದರೆ ಒತ್ತಲು ಅದರ ಮೇಲೊಂದು ಗುಂಡಿ. ನಾನು ಒಮ್ಮೆಯೂ ಒತ್ತಲಿಲ್ಲ.

ಹದಿನೈದನೇ ದಿನ ಅಲ್ಲಿನ ನರ್ಸ್, ನನ್ನ ಗೆಳತಿ ಡಾರ್ಲೀನ್ ಫೋನ್ ಮಾಡಿದಳು.

“ಮಾರಿಟ್, ನಿಜ ಹೇಳೇ. ಮಧ್ಯಾಹ್ನ ಎರಡಕ್ಕೆ ಅದನ್ನ ಯಾರ ಎದೆಗೆ ಅಂಟಿಸ್ತಿದ್ದೆ? ಹೊಸ ಗೆಳೆಯನಾ?”

“ಸುಮ್ನಿರೇ. ಸ್ನಾನಕ್ಕೂ ಕಿತ್ತಿಲ್ಲ.”

“ಹಾಗಾದ್ರೆ ಪಟ್ಟಿಯ ದಾಖಲೆ ಓದೋ ನಮ್ಮ ಎಐಗೆ ತಲೆ ಕೆಟ್ಟಿದೆ. ದಿನಾ ಇಪ್ಪತ್ತು ನಿಮಿಷ ಬೇರೆ ಯಾರದೋ ಹೃದಯ ಅಂತಿದೆ. ನಿನ್ನದು ಚೆನ್ನಾಗಿದೆಯಂತೆ. ಆ ಇನ್ನೊಂದು ಮಾತ್ರ ನಿಂತು ನಿಂತು ಹೊಡ್ಕೊಳ್ಳುತ್ತೆ. ಡಾಕ್ಟರು ಎರಡೂ ನಿನ್ನದೇ ಅಂತ ಗುರುವಾರ ಪೇಸ್‌ಮೇಕರ್ ಹಾಕ್ತಾರಂತೆ.”

ಆ ಹೊತ್ತಿಗೆ ನಾನು ನನ್ನ ಗಂಡ ರೇನೊನ ಕುರ್ಚಿಯಲ್ಲಿ ಒರಗಿರುತ್ತೇನೆ. ಬಿಸಿಲು ನೇರ ಬಿದ್ದರೂ ಅದರ ಎಡಗೈ ತಣ್ಣಗಿರುತ್ತದೆ. ಅವನು ತೀರಿಕೊಂಡದ್ದು ಅದರಲ್ಲೇ, ಮಧ್ಯಾಹ್ನದ ಊಟವಾದ ಮೇಲೆ. ನಾನು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ಅವನು ಕರೆದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಗುರುವಾರ ಹೋಗಲೋ ಬೇಡವೋ ತಿಳಿಯಲಿಲ್ಲ. ಡಾರ್ಲೀನ್ ಕಾಗದ ಮಗುಚಿದ ಸದ್ದು ಕೇಳಿಸಿತು.

“ಅಲ್ವೇ, ಅಷ್ಟು ಸಂಕಟ ಆಗ್ತಿದ್ರೆ ನನಗ್ಯಾಕೆ ಹೇಳಲಿಲ್ಲ? ಆ ಇಪ್ಪತ್ತು ನಿಮಿಷದಲ್ಲಿ ದಿನಾ ಮೂರು ಸಲ ಗುಂಡಿ ಒತ್ತಿದ್ದೀಯ.”