ಟೈಪ್ ಮಾಡದ ಪುಟ

ಹೇಳಿಬಿಡಲೇ? ಈಗಲೇ, ಜಲಜಾ ಚಹಾ ತರುವುದರೊಳಗೆ ಮಾತು ಹೊಂದಿಸಿಕೊಂಡು... ಆದರೆ ಹೇಳಿದ ಮೇಲೆ ಅವಳ ಮುಖ ನೋಡುವುದು ಹೇಗೆಂದು ಏಕನಾಥನಿಗೆ ತೋಚಲಿಲ್ಲ.

ದೆಹಲಿಯ ಜನಕಪುರಿಯ ಆ ಮನೆಯಲ್ಲಿ ಏಳು ವರ್ಷಗಳಿಂದ ಒಂದೇ ಪದ್ಧತಿ. ಹೆಂಡತಿ ಜಲಜಾ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಕಥೆ ಬರೆಯುವಳು. ಅವನು ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ಅದನ್ನು ಟೈಪ್ ಮಾಡಿ ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸುವನು. ಒಂದೇ ಕಥೆ ಹನ್ನೊಂದು ಸಲ ತಿರಸ್ಕೃತವಾಗಿತ್ತು. ‘ನಡುವೆ ಏನೋ ಖಾಲಿ’ ಎಂದು ಒಬ್ಬ ಸಂಪಾದಕರು ಬರೆದಿದ್ದರು. ಪ್ರತಿ ಸಲವೂ ಜಲಜಾ ಒಂದು ದಿನ ಮಾತು ಬಿಡುವಳು. ಮರುದಿನ ಮೊದಲ ಸಾಲಿನಿಂದ ಮತ್ತೆ ಬರೆಯಲು ಕೂರುವಳು.

ಖಾಲಿ ಇರದೆ ಏನು? ನಡುವಿನ ಒಂದು ಪುಟವನ್ನು ಅವನು ಒಮ್ಮೆಯೂ ಟೈಪ್ ಮಾಡಿರಲಿಲ್ಲ. ಆ ಪುಟದಲ್ಲಿ, ಗರ್ಭಪಾತವಾಗಿ ಆಸ್ಪತ್ರೆಯಿಂದ ಬಂದ ಸೊಸೆಯ ಕೈಯಲ್ಲಿ, ಮೈಲಿಗೆಯೆಂದು, ಜನವರಿಯ ತಣ್ಣೀರಿನಲ್ಲಿ ಹಾಸಿಗೆಯ ಬಟ್ಟೆಯನ್ನೆಲ್ಲ ಒಗೆಸುವ ಅತ್ತೆ. ಪಕ್ಕದ ಕೋಣೆಯಲ್ಲಿ ನಲ್ಲಿಯ ಸದ್ದು ಕೇಳುತ್ತ ಕೂತ ಗಂಡ. ಅಮ್ಮನ ಮರ್ಯಾದೆ ಉಳಿಯಲಿ ಎಂದು ಏಕನಾಥ ತನಗೆ ತಾನೇ ಹೇಳಿಕೊಂಡು, ಹಿಂದಿನ ಪುಟಕ್ಕೆ ಮುಂದಿನದನ್ನು ಸೇರಿಸಿಬಿಡುತ್ತಿದ್ದ.

ಹನ್ನೆರಡನೆಯ ಸಲ ಜಲಜಾ, ಮಗಳು ಕಲಿಸಿದಂತೆ, ಇಡೀ ಕಥೆಯನ್ನು ಫೋನಿಗೆ ಓದಿ ಹೇಳಿ, ಅದರಲ್ಲೇ ಅಕ್ಷರವಾಗಿಸಿ, ತಾನೇ ಕಳಿಸಿದಳು. ಇವತ್ತು ಬೆಳಿಗ್ಗೆ ಉತ್ತರ ಬಂತು. ಒಪ್ಪಿಗೆಯಾಗಿದೆ.

“ಅಜ್ಜಿಗೂ ಸುನಾವೋ ನಾ, ಅಮ್ಮಾ,” ಎಂದು ಮಗಳು ಸಿಂಚನಾ ಓದಿ ಹೇಳಲು ಪೀಡಿಸಿದಳು.

ಬಾಲ್ಕನಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಸುಶೀಲಮ್ಮನಿಗೆ ಜಲಜಾ ಓದಿದಳು. ಆ ಪುಟ ಬಂದಾಗ ಅವಳ ದನಿ ತಗ್ಗಿತು. ಮುದುಕಿಯ ಬೆರಳುಗಳು ನಿಂತವು.

“ಅದು ನಾನೇ ಅಲ್ವೇನೇ?”

“ಕಥೆ, ಅತ್ತೆ...”

“ಗೊತ್ತು ಬಿಡು. ಗೀಸರ್ ಹಾಕ್ಕೋ ಅನ್ನೋಕೂ ನನಗೆ ಅವತ್ತು ಬಾಯಿ ಬರಲಿಲ್ಲ.” ಸುಶೀಲಮ್ಮ ಸೊಸೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, “ಹಾಗೇ ಅಚ್ಚಾಗಲಿ. ಆದ್ರೆ ಅಷ್ಟು ದಪ್ಪ ಇದ್ದೆನೇ ನಾನು?” ಎಂದರು.

ಒಳಗೆ ಕೂತಿದ್ದ ಏಕನಾಥ ತಲೆ ಎತ್ತಲಿಲ್ಲ. ಅಮ್ಮನಿಗೆ ಎರಡೇ ಮಾತಿನಲ್ಲಿ ಒಪ್ಪಿಕೊಳ್ಳಲು ಆದದ್ದು ತನಗೆ...

ಜಲಜಾ ಚಹಾ ತಂದಿಟ್ಟಳು. ಕಣ್ಣು ಇನ್ನೂ ಒದ್ದೆಯಾಗಿತ್ತು.

“ಹನ್ನೊಂದು ಸಲ ಟೈಪ್ ಮಾಡಿದ್ರಿ. ಒಂದು ದಿನಾನೂ ಬೇಸರ ಅನ್ನಲಿಲ್ಲ. ಆ ಪುಟ ಓದಿಯೂ ನನ್ನನ್ನ ಏನೂ ಕೇಳಲಿಲ್ಲ. ನೀವು ಇಲ್ದೇ ಇದ್ರೆ ಯಾವಾಗಲೋ ಬಿಟ್ಟುಬಿಡ್ತಿದ್ದೆ.”

“ಜಲಜಾ...”

“ಮೊದಲು ಕುಡೀರಿ. ಆರುತ್ತೆ.”

ಅವನು ಕುಡಿದ.

ಆ ಪುಟವನ್ನು ಹನ್ನೊಂದು ಸಲವೂ ತೆಗೆದವನು ತಾನೇ, ಅದೂ ಅಮ್ಮನಿಗಾಗಿ ಅಲ್ಲ, ಪಕ್ಕದ ಕೋಣೆಯಲ್ಲಿ ಕೂತಿದ್ದ ತನಗಾಗಿ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.