ಲಿಯಾಂಗ್ ಮೇಸ್ತ್ರಿಯ ಹನ್ನೊಂದು ನೋಟ್‌ಬುಕ್ಕು

1974ರ ಏಪ್ರಿಲ್ 9, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತೋಪಿನಬೀದಿ ಠಾಣೆಗೆ ಒಬ್ಬ ಚೀನಿ ಮುದುಕ ಬಂದು ಕಳವಿನ ದೂರು ಕೊಟ್ಟ. ಶಿವಾಜಿನಗರದಲ್ಲಿ ಬೂಟು ಹೊಲಿಯುವ ಲಿಯಾಂಗ್ ಮೇಸ್ತ್ರಿ. ಕಳುವಾದದ್ದು ಅವನೇ ಚೀನೀ ಭಾಷೆಯಲ್ಲಿ ಬರೆದಿದ್ದ ಹನ್ನೊಂದು ನೋಟ್‌ಬುಕ್ಕು. ಹೆಡ್ ಕಾನ್‌ಸ್ಟೇಬಲ್ ಅನಂತರಾಮುಗೆ ನಗು ತಡೆಯಲಾಗಲಿಲ್ಲ.

"ಅದನ್ನ ಓದೋಕೆ ಕಳ್ಳನೂ ಚೀನಾದಿಂದ್ಲೇ ಬರ್ಬೇಕಲ್ಲ ಮೇಸ್ತ್ರಿ. ಹೋಗಿ, ಮನೇಲಿ ಸರಿಯಾಗಿ ಹುಡುಕಿ."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ವೀರಣ್ಣನಿಗೆ ಆ ನಗು ಕೇಳಿ ಮೈ ಉರಿಯಿತು. ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದು ಒಂಬತ್ತು ದಿನವಾಗಿದ್ದರೂ ಠಾಣೆಯಲ್ಲಿ ಅದನ್ನು ಬಿಚ್ಚಿ ನೋಡಿದವನು ಅವನೊಬ್ಬನೇ. ಹೊರಗೆ ಬಂದು ಮುದುಕನ ಮುಖ ನೋಡಿದವನು ನಿಂತುಬಿಟ್ಟ. ಹನ್ನೆರಡು ವರ್ಷದ ಹಿಂದೆ, ಚೀನಾ ಯುದ್ಧದ ಹೊತ್ತಿನಲ್ಲಿ, ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಗ ಈ ಮನುಷ್ಯನನ್ನು ಹೆಂಡತಿ ಮಗಳ ಸಮೇತ ಹಿಡಿದು ರಾಜಸ್ಥಾನದ ಬಂಧನ ಶಿಬಿರಕ್ಕೆ ಕಳಿಸಿದವನು ತಾನೇ.

"ಕೂತ್ಕೊಳ್ರಿ. ಏನಿತ್ತು ಅದರಾಗ?"

"ಕಾನೂನು ಸರ್. ನಮ್ಮ ದೇಶಕ್ಕೆ ಬೇಕಾಗೋ ಕಾನೂನು."

1948ರವರೆಗೆ ಲಿಯಾಂಗ್ ಚೀನಾದ ಕ್ಯಾಂಟನ್ ಊರಿನಲ್ಲಿ ಕಿರಿಯ ನ್ಯಾಯಾಧೀಶನಾಗಿದ್ದ. ಒಬ್ಬ ಸೇನಾಪತಿಯ ಅಳಿಯನಿಗೆ ಶಿಕ್ಷೆ ಕೊಟ್ಟು, ಅಲ್ಲಿರಲಾಗದೆ, ಬೆಂಗಳೂರಿನಲ್ಲಿದ್ದ ಭಾವನ ಬೂಟಿನಂಗಡಿಗೆ ಬಂದು ಸೇರಿದ್ದ.

"ಅಲ್ಲೀಗ ಕೋರ್ಟು ಹೆಸರಿಗಷ್ಟೇ. ವಕೀಲರೇ ಇಲ್ಲ. ಬೀದಿಗೆ ಎಳೆದು ತಪ್ಪೊಪ್ಪಿಗೆ ಬರೆಸ್ಕೋತಾರೆ. ಎಷ್ಟು ದಿನ ಹಾಗೇ ನಡೆಯುತ್ತೆ? ಒಂದಿನ ಹೊಸದಾಗಿ ಬರೀಲೇಬೇಕು. ಆವತ್ತು ಯಾರಿಗಾದ್ರೂ ಬೇಕಾಗುತ್ತೆ ಅಂತ ಒಂಬತ್ತು ವರ್ಷದಿಂದ ಬರೀತಿದ್ದೆ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

ಅಪರಾಧ ಸಂಖ್ಯೆ 112/74, ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಹನ್ನೊಂದೂ ಮುಕ್ಕಾಲಿಗೆ ಸ್ಥಳ ಪಂಚನಾಮೆ. ಅನಂತರಾಮು ಎಂದಿನಂತೆ ತನ್ನ ಇಬ್ಬರು ಕಾಯಂ ಪಂಚರನ್ನು ಕರೆತಂದಿದ್ದ. ಇವರು ವರ್ಷವಿಡೀ ಠಾಣೆಯ ಎಲ್ಲ ಪಂಚನಾಮೆಗೂ ಸಾಕ್ಷಿ. ಖಾಲಿ ಹಾಳೆಗೆ ಸಹಿ ಹಾಕಿಕೊಟ್ಟು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂರುವುದೇ ಅವರ ಕೆಲಸ. ವೀರಣ್ಣ ಇಬ್ಬರನ್ನೂ ಬೈದು ಓಡಿಸಿ, ಪಕ್ಕದ ಬಾಗಿಲಿನಲ್ಲಿ ಸೊಪ್ಪು ಮಾರುತ್ತಿದ್ದ ಮುನಿವೆಂಕಟಮ್ಮನನ್ನೂ ಎದುರಿನ ದರ್ಜಿಯನ್ನೂ ಒಳಗೆ ಕರೆದ. ಟ್ರಂಕಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು.

"ಹೊರಗಿನೋರು ಯಾರೂ ಬಂದಿಲ್ಲ ಸ್ವಾಮಿ," ಎಂದಳು ಮುನಿವೆಂಕಟಮ್ಮ. "ನಾನು ದಿನಾ ಇಲ್ಲೇ ಕೂತಿರ್ತೀನಿ."

ಹಾಗಿದ್ದರೆ ಮನೆಯವರೇ. ಮನೆಯಲ್ಲಿ ಇದ್ದದ್ದು ಲಿಯಾಂಗ್ ಮತ್ತು ಆಸ್ಪತ್ರೆಯೊಂದರಲ್ಲಿ ತಾತ್ಕಾಲಿಕ ನರ್ಸಾಗಿದ್ದ ಮಗಳು ಮೇಲಿನ್, ಇಬ್ಬರೇ. ವೀರಣ್ಣ ಆಗಲೇ ಊಹಿಸಿದ, ಆದರೆ ಊಹೆಯ ಮೇಲೆ ಮನುಷ್ಯರನ್ನು ಹಿಡಿದು ಅವನಿಗೆ ಸಾಕಾಗಿತ್ತು. ಕಾನ್‌ಸ್ಟೇಬಲ್ ನಾಣಿಯನ್ನು ರಸೆಲ್ ಮಾರುಕಟ್ಟೆಯ ಹಳೇ ಪೇಪರ್ ಅಂಗಡಿಗಳಿಗೆ ಕಳಿಸಿದ. ಮರುದಿನ ಸಂಜೆ ನಾಲ್ಕಕ್ಕೆ ನಾಣಿ ತಂದದ್ದು ಒಂದು ಕಡ್ಲೆಕಾಯಿ ಪೊಟ್ಟಣ, ಅದರ ಮೇಲೆ ಸಾಲುಸಾಲು ಚೀನೀ ಅಕ್ಷರ. ಹಿಂದೆಯೇ ಅಂಗಡಿಯ ವಾಜಿದ್.

"ಯಾರು ತಂದ್ಕೊಟ್ರು?"

"ನರ್ಸಮ್ಮ, ಸಾಬ್. ಚೀನಿ ಹುಡುಗಿ. ಹೋದ ವಾರ."

"ಎಷ್ಟು ಕೊಟ್ಟಿ?"

"ದುಡ್ಡೇ ಬೇಡ ಅಂದ್ರು. ಎಲ್ಲಾ ಪೊಟ್ಟಣ ಮಾಡ್ಬಿಡಿ, ಒಂದು ಹಾಳೆನೂ ಉಳೀಬಾರ್ದು ಅಂದ್ರು. ಎರಡು ಬುಕ್ ಉಳಿದಿದೆ ಸಾಬ್, ಅಷ್ಟೇ."

ಏಪ್ರಿಲ್ 11ರ ಬೆಳಿಗ್ಗೆ ಒಂಬತ್ತಕ್ಕೆ ಮೇಲಿನ್ ಠಾಣೆಗೆ ಬಂದಳು. ಅಪ್ಪನೂ ಜೊತೆಯಲ್ಲಿದ್ದ. ಆಕೆ ಮುಚ್ಚಿಡಲಿಲ್ಲ.

"ಹೌದು, ನಾನೇ ಕೊಟ್ಟಿದ್ದು. ಎರಡನೇ ತಾರೀಕು ನಿಮ್ಮ ಅನಂತರಾಮು ನನ್ನ ಪೌರತ್ವದ ಅರ್ಜಿ ವಿಚಾರಣೆಗೆ ಬಂದಿದ್ರು. ಅಪ್ಪ ಇರ್ಲಿಲ್ಲ. ಟ್ರಂಕು ತೆಗೆಸಿ ನೋಡಿ, ಮತ್ತೆ ಗುಪ್ತ ಬರಹ ಶುರು ಮಾಡಿದೀರಾ, ಮುಂದಿನ ವಾರ ಬಂದು ಪಂಚನಾಮೆ ಮಾಡ್ತೀನಿ ಅಂದ್ರು."

"ಸುಟ್ಟು ಹಾಕಬಹುದಿತ್ತಲ್ಲ?"

"ಹೊಗೆ ಬರುತ್ತಲ್ಲ ಸರ್. ಚೀನಿಯವರ ಮನೇಲಿ ಕಾಗದ ಸುಡ್ತಿದಾರೆ ಅಂತ ನಿಮಗೇ ಫೋನ್ ಬರ್ತಿತ್ತು." ಅವಳ ದನಿ ಏರಿತು. "ನಾನು ಹುಟ್ಟಿದ್ದು ಇದೇ ಬೀದೀಲಿ. ಆದ್ರೂ ಪರದೇಶದವಳ ಹಾಗೆ ಪ್ರತಿ ವರ್ಷ ಠಾಣೆಗೆ ಬಂದು, ಇಲ್ಲೇ ಇರ್ತೀನಿ ಅಂತ ಸಹಿ ಹಾಕ್ಬೇಕು. ಅರವತ್ತೆರಡರಲ್ಲಿ ನೀವು ಹೊತ್ಕೊಂಡ್ ಹೋದ ಪುಸ್ತಕದಲ್ಲಿ ಏನಿತ್ತು, ಗೊತ್ತಾ? ಬೂಟಿನ ಅಳತೆ. ಮೇಜರ್ ಸಾಹೇಬ್ರ ಎಡಗಾಲು ಕಾಲಿಂಚು ದೊಡ್ಡದು ಅಂತ. ಅದಕ್ಕೆ ನಮ್ಮಮ್ಮ ರಾಜಸ್ಥಾನದ ಶಿಬಿರದಲ್ಲಿ ಸತ್ತಳು."

ಆ ಪುಸ್ತಕವನ್ನು ವೀರಣ್ಣ 'ಸೇನೆಗೆ ಸಂಬಂಧಿಸಿದ ಗುಪ್ತ ಬರಹ' ಎಂದು ಬರೆದಿದ್ದ. ಬರೆದದ್ದು ಲಿಯಾಂಗನ ಮನೆಯಲ್ಲೂ ಅಲ್ಲ, ಠಾಣೆಯ ಮೇಜಿನ ಮೇಲೆ, ಮೊದಲೇ ಸಹಿಯಾಗಿದ್ದ ಹಾಳೆಯ ಮೇಲೆ. ಅದಕ್ಕೆ ಹಿರಿಯ ಅಧಿಕಾರಿಗಳಿಂದ ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು. ತನ್ನ ಮೇಲೇ ತನಗೆ ಹೇಸಿಗೆಯಾಯಿತು.

"ಮೇಸ್ತ್ರಿ," ಎಂದ ಕೊನೆಗೆ, "ನೋಟ್‌ಬುಕ್ ಕಳುವಾಗಿಲ್ಲ, ನಾನೇ ಮರೆತಿದ್ದೆ ಅಂತ ಬರಕೊಡ್ರಿ. ಬಿ ರಿಪೋರ್ಟ್ ಹಾಕಿ ಮುಗಿಸ್ತೀನಿ. ಕೇಸು ನಿಂತರ ಆಕಿಗೆ ಪೌರತ್ವ ಸಿಗೂದಿಲ್ಲ."

ಲಿಯಾಂಗ್ ಉಳಿದೆರಡು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಸುಳ್ಳು ಬರೆದುಕೊಡ್ಲಾ? ಮಗಳಿಗೊಂದು, ಊರಿಗೊಂದು ಕಾನೂನು ಬೇಡ ಅಂತಲೇ ಒಂಬತ್ತು ವರ್ಷ ಬರೆದೆ."

"ಅಪ್ಪಂಗೆ ಕಾನೂನೇ ಮಗಳು," ಎಂದಳು ಮೇಲಿನ್. "ಕೇಸು ಹಾಕಿ ಸರ್."

ಮುದುಕ ಅವಳ ಕಡೆ ನೋಡಲಾರದೆ ವೀರಣ್ಣನ ಕಡೆ ತಿರುಗಿದ. "ಇವಳು ಮಾಡಿದ್ದು ನಿಜ, ಬರೀರಿ. ಆದ್ರೆ ಅರ್ಧ ನಿಜ ಬರೀಬೇಡಿ. ಆವತ್ತೂ ನಿಮ್ಮನ್ನ ಇದನ್ನೇ ಕೇಳ್ಕೊಂಡಿದ್ದೆ."

ಅವನಿಗೆ ಮೊದಲ ದಿನವೇ ತನ್ನ ಗುರುತು ಸಿಕ್ಕಿತ್ತು, ಸಿಕ್ಕಿಯೂ ಇದೇ ಠಾಣೆಗೆ ದೂರು ಕೊಡಲು ಬಂದಿದ್ದ ಎಂಬುದು ವೀರಣ್ಣನಿಗೆ ಆಗ ಹೊಳೆಯಿತು.

ಹತ್ತು ನಲವತ್ತಕ್ಕೆ ಮೇಲಿನ್‌ಳನ್ನು ದಸ್ತಗಿರಿ ಮಾಡಿ, ಮುನಿವೆಂಕಟಮ್ಮನ ಜಾಮೀನಿನ ಮೇಲೆ ಬಿಡಲಾಯಿತು. ಅಪ್ಪ ಮಗಳು ಒಂದೇ ಬಾಗಿಲಿನಿಂದ, ನಾಲ್ಕು ಹೆಜ್ಜೆ ಹಿಂದೆಮುಂದೆ, ಹೊರಗೆ ಹೋದರು.

ಮಧ್ಯಾಹ್ನ ವೀರಣ್ಣ ದೋಷಾರೋಪಣೆಯ ವರದಿ ಬರೆದ. ಅದರ ಒಂದು ಪ್ರತಿ ಪೌರತ್ವದ ಕಡತಕ್ಕೂ ಹೋಗಬೇಕೆಂದು ಗುರುತು ಹಾಕಿದ. ಎರಡನೇ ತಾರೀಕಿನ ತನ್ನ ಬೆದರಿಕೆಯೂ ಅದರಲ್ಲಿದ್ದುದನ್ನು ಅನಂತರಾಮು ಹಿಂದೆ ನಿಂತು ಓದಿ ಬೆವರಿದ.

"ಸರ್, ಇದನ್ನ ಕಳಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ. ನನ್ನದೂ ಹೋಗುತ್ತೆ."

"ಹೋಗ್ಲಿ ಬಿಡೋ."

ವರದಿಯ ಕೊನೆಯಲ್ಲಿ ಹೀಗಿತ್ತು: 'ಅಪರಾಧಕ್ಕೆ ಪ್ರೇರಣೆ: ಪೊಲೀಸರ ಭಯ. ಭಯಕ್ಕೆ ಕಾರಣ: 1962ರ ನವೆಂಬರಿನಲ್ಲಿ ಇದೇ ಮನೆಯ ಬಗ್ಗೆ ಬರೆಯಲಾದ ಸುಳ್ಳು ಪಂಚನಾಮೆ. ಪಂಚರು ಆ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅದನ್ನು ಬರೆದ ಅಧಿಕಾರಿ ಈ ಕೆಳಗೆ ಸಹಿ ಮಾಡಿರುವವನು.'

ವೀರಣ್ಣ ಸಹಿ ಹಾಕಿ, ಹುದ್ದೆ ಬರೆದು, ತಾರೀಕು ನಮೂದಿಸಿ, ಕೋರ್ಟಿಗೆ ಮುಟ್ಟಿಸಲು ಲಕೋಟೆಯನ್ನು ನಾಣಿಯ ಕೈಗೆ ಕೊಟ್ಟ.